ಓಕುಳಿಯಿಂದ ವಜ್ರದವರೆಗೆ: ರಾಸಾಯನಿಕ ಕ್ರಿಯೆಗಳ ವೇಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣಕ್ಕೆ ಆಮ್ಲ ಸುರಿದು, ಬೀಕರಿನ ಕೆಳಗಿಟ್ಟ ಕಾಗದದ ಮೇಲಿನ ಗುಣಿಸು ಗುರುತು ಮಸುಕಾಗಿ ಮರೆಯಾಗುವವರೆಗೆ ಗಡಿಯಾರ ಹಿಡಿದು ಕೂರುವ ಪ್ರಯೋಗವನ್ನು ಪಿಯುಸಿಯಲ್ಲಿ ವಿಜ್ಞಾನ ಓದಿದವರು ಮರೆತಿರಲಾರರು. ಅದನ್ನು ಮಾಡಿಸುತ್ತಲೇ ನನ್ನ ಎಷ್ಟೋ ವರ್ಷಗಳು ಕಳೆದಿವೆ. ಪ್ರಯೋಗಶಾಲೆಯಲ್ಲಿ ಮಕ್ಕಳು ಕೇಳಿದ್ದು, ಊಟಕ್ಕೆ ಕುಳಿತಾಗ ನೆಂಟರು ಕೇಳಿದ್ದು, ಹಳೆಯ ವಿದ್ಯಾರ್ಥಿಗಳು ಪತ್ರ ಬರೆದು ಕೇಳಿದ್ದು ಎಲ್ಲವನ್ನೂ ಇಲ್ಲಿ ಕೂಡಿಸಿದ್ದೇನೆ. ಸುಲಭದವು ಮೊದಲು ಬರುತ್ತವೆ. ಬೇಕಾದ ಪ್ರಶ್ನೆಯೊಂದನ್ನೇ ಓದಿ ಎದ್ದರೂ ಅಡ್ಡಿಯಿಲ್ಲ.

## ಮೊದಮೊದಲ ಪ್ರಶ್ನೆಗಳು

ಬಸ್ಸಿಗೆ ವೇಗ ಇರುತ್ತದೆ, ಗಾಳಿಗೆ ಇರುತ್ತದೆ. ಕ್ರಿಯೆಗೆ ವೇಗ ಎಂದರೆ ಏನು ಸಾರ್?

ಒಂದು ಸೆಕೆಂಡಿನಲ್ಲಿ ಎಷ್ಟು ಪದಾರ್ಥ ಖರ್ಚಾಯಿತು, ಅಥವಾ ಎಷ್ಟು ಹೊಸದು ಹುಟ್ಟಿತು ಎಂಬುದೇ ಕ್ರಿಯಾವೇಗ. ದ್ರಾವಣವಾದರೆ ಲೀಟರಿಗೆ ಇಷ್ಟು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಎಂಬ ಸಾರತೆ ಸೆಕೆಂಡಿಗೆ ಎಷ್ಟು ಬದಲಾಯಿತು ಎಂದು ಲೆಕ್ಕ ಹಾಕುತ್ತೇವೆ. ಹೆಚ್ಚಿನ ಕ್ರಿಯೆಗಳು ಶುರುವಿನಲ್ಲಿ ಚುರುಕು, ಸಾಮಗ್ರಿ ಮುಗಿಯುತ್ತ ಬಂದಂತೆ ಮಂದ. ಹಾಗಾಗಿ ವೇಗ ಇಷ್ಟು ಎಂದರೆ ಸಾಲದು, ಯಾವ ಗಳಿಗೆಯದ್ದು ಎಂದೂ ಹೇಳಬೇಕು.

ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದವರು ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ, 1850ರಲ್ಲಿ. ಸಕ್ಕರೆ ನೀರಿಗೆ ಆಮ್ಲ ಹಾಕಿದರೆ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಒಡೆಯುತ್ತ ಹೋದಂತೆ ಆ ದ್ರಾವಣ ಧ್ರುವೀಕೃತ ಬೆಳಕನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು) ತಿರುಗಿಸುವ ಕೋನವೂ ಬದಲಾಗುತ್ತದೆ. ಕೋನ ಅಳೆಯುತ್ತ ಕುಳಿತರೆ, ದ್ರಾವಣವನ್ನು ಮುಟ್ಟದೆಯೇ ಎಷ್ಟು ಸಕ್ಕರೆ ಉಳಿದಿದೆ ಎಂದು ತಿಳಿಯುತ್ತದೆ. ಉಳಿದ ಸಕ್ಕರೆ ಎಷ್ಟೋ ಅದಕ್ಕೆ ತಕ್ಕಷ್ಟು ವೇಗ ಎಂದು ವಿಲ್ಹೆಲ್ಮಿ ಬರೆದರು. ಅಂದಿನ ರಸಾಯನಶಾಸ್ತ್ರಜ್ಞರು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಶಕ್ತಿಯ ಲೆಕ್ಕ ಹಾಕಿದರೆ ಕ್ರಿಯೆ ತಾನಾಗಿ ನಡೆಯಬೇಕು ಎಂದು ಬರುತ್ತದೆ. ಆದರೆ ಕಣ್ಣೆದುರು ಏನೂ ಆಗುವುದಿಲ್ಲವಲ್ಲ?

ಶಕ್ತಿಯ ಲೆಕ್ಕ ದಿಕ್ಕನ್ನು ಮಾತ್ರ ಹೇಳುತ್ತದೆ. ಎಷ್ಟು ಹೊತ್ತಿಗೆ ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ. ಸಾಮಾನ್ಯ ತಾಪ ಮತ್ತು ಒತ್ತಡದಲ್ಲಿ ಇಂಗಾಲಕ್ಕೆ ಹೆಚ್ಚು ಹಿತವಾದ ರೂಪ ಗ್ರಾಫೈಟ್. ಅಂದರೆ ಅಜ್ಜಿಯ ಮೂಗುಬೊಟ್ಟಿನ ವಜ್ರ ಪೆನ್ಸಿಲ್ ಕಡ್ಡಿಯ ವಸ್ತುವಾಗಬೇಕು. ಆಗುವುದಿಲ್ಲ, ಅಜ್ಜಿಯ ಮೊಮ್ಮಗಳ ಮೊಮ್ಮಗಳ ಕಾಲಕ್ಕೂ ಆಗುವುದಿಲ್ಲ. ಕಟ್ಟಿಗೆ, ಕಾಗದ, ಹತ್ತಿ ಬಟ್ಟೆ, ಕೊನೆಗೆ ನಮ್ಮ ಮೈ ಕೂಡ ಈ ಆಕ್ಸಿಜನ್ ತುಂಬಿದ ಗಾಳಿಯಲ್ಲಿ ಉರಿದು ಬೂದಿಯಾಗಬೇಕಾದವೇ.

ತಡೆಯುವುದು ನಡುವಿನ ಘಟ್ಟ. ಹಳೆಯ ಬಂಧಗಳು ಸಡಿಲಗೊಂಡು ಹೊಸವು ಇನ್ನೂ ಪೂರ್ತಿ ಕೂಡದ ಒಂದು ಅವಸ್ಥೆಯನ್ನು ಅಣುಗಳು ದಾಟಬೇಕು. ಅಲ್ಲಿಗೆ ಏರಲು ಬೇಕಾದ ಶಕ್ತಿಯೇ ಸಕ್ರಿಯಣ ಶಕ್ತಿ. ಆಚೆ ಬದಿ ಎಷ್ಟೇ ಇಳಿಜಾರಿದ್ದರೂ ಏರಲು ತ್ರಾಣವಿಲ್ಲದವರು ಈಚೆಗೇ ಉಳಿಯುತ್ತಾರೆ. ಬೆಂಕಿಕಡ್ಡಿ ಗೀರುವುದು ಮೊದಲ ಕೆಲವು ಅಣುಗಳನ್ನು ಘಟ್ಟ ಹತ್ತಿಸಲಿಕ್ಕೆ. ಅವು ಆಚೆ ಇಳಿಯುವಾಗ ಬಿಡುವ ಶಾಖ ಉಳಿದವನ್ನು ಹತ್ತಿಸುತ್ತದೆ.

ಅರಿಶಿನಕ್ಕೆ ಸುಣ್ಣ ಹಾಕಿದ ತಕ್ಷಣ ಓಕುಳಿ ಕೆಂಪಾಗುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ಮಾತ್ರ ದಿನಗಟ್ಟಲೆ. ಏಕೆ ಇಷ್ಟು ಅಂತರ?

ಆರತಿಯ ತಟ್ಟೆಯಲ್ಲಿ ನಡೆಯುವುದು ಬಹಳ ಸಣ್ಣ ಕೆಲಸ. ಅರಿಶಿನದ ಕರ್ಕ್ಯುಮಿನ್ ಅಣುವಿನಿಂದ ಒಂದು ಪ್ರೋಟಾನನ್ನು ಸುಣ್ಣದ ಕ್ಷಾರ ಕಿತ್ತುಕೊಳ್ಳುತ್ತದೆ, ಅಣುವಿನ ಬಣ್ಣ ಬದಲಾಗುತ್ತದೆ. ಅಣುವಿನ ಅಸ್ಥಿಪಂಜರ ಎಲ್ಲೂ ಮುರಿಯುವುದಿಲ್ಲ. ತುಕ್ಕಿನ ಕಥೆ ಬೇರೆ. ಗಟ್ಟಿ ಲೋಹದಿಂದ ಒಂದೊಂದೇ ಪರಮಾಣು ಎಲೆಕ್ಟ್ರಾನ್ ಕಳೆದುಕೊಂಡು ಹೊರಬರಬೇಕು, ನೀರಿನ ಪದರದ ಮೂಲಕ ಆಕ್ಸಿಜನ್ ತೂರಿ ಬರಬೇಕು, ಆಮೇಲೂ ಹಲವು ಹಂತಗಳಿವೆ. ಬಂಧಗಳನ್ನು ಮುರಿದು ಕಟ್ಟುವ ಕೆಲಸ ಹೆಚ್ಚಿದಷ್ಟೂ ಘಟ್ಟ ಎತ್ತರ. ವಸ್ತುವಿನ ಹುಟ್ಟುಗುಣ ಎನ್ನುವುದು ಇದಕ್ಕೇ.

ವೇಗವನ್ನು ಬದಲಿಸುವ ಅಂಶಗಳು ಯಾವುವು? ಪರೀಕ್ಷೆಗೆ ಬರೆಯುವಷ್ಟು ಹೇಳಿ.

ಪ್ರತಿವರ್ತಕಗಳ, ಅಂದರೆ ಕ್ರಿಯೆಗೆ ಇಳಿಯುವ ಪದಾರ್ಥಗಳ ಸ್ವಭಾವ, ಅವುಗಳ ಸಾರತೆ, ಅನಿಲವಾದರೆ ಒತ್ತಡ, ತಾಪ, ಘನವಾದರೆ ಮೇಲ್ಮೈ ವಿಸ್ತೀರ್ಣ, ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ಪದಾರ್ಥ), ಕೆಲವು ಕ್ರಿಯೆಗಳಿಗೆ ಬೆಳಕು. ಅಂಕಕ್ಕೆ ಇಷ್ಟು ಸಾಕು. ಪಟ್ಟಿಯಲ್ಲಿ ಎಲ್ಲವೂ ಸಮಾನವಾಗಿ ಕಾಣುತ್ತವೆಯಾದರೂ ತಾಪ ಮತ್ತು ವೇಗವರ್ಧಕಗಳು ಮಾಡುವ ಬದಲಾವಣೆಯ ಮುಂದೆ ಉಳಿದವು ಸಣ್ಣವು.

## ಅಡುಗೆಮನೆಯಿಂದ ಬಂದವು

ತಾಪ 10 ಡಿಗ್ರಿ ಏರಿದರೆ ವೇಗ ಇಮ್ಮಡಿಯಂತೆ. ಬರೀ 10 ಡಿಗ್ರಿಗೆ ಅಷ್ಟೊಂದೇ?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಕೇಳಿದವರ ಅನುಮಾನ ಸರಿಯಾಗಿಯೇ ಇದೆ. ಬಿಸಿ ಮಾಡಿದರೆ ಅಣುಗಳು ಜೋರಾಗಿ ಓಡಾಡಿ ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ ಎಂದು ಬಹಳಷ್ಟು ಜನ ಉತ್ತರಿಸುತ್ತಾರೆ. ಲೆಕ್ಕ ಹಾಕಿ ನೋಡಿ: 27 ಡಿಗ್ರಿಯಿಂದ 37ಕ್ಕೆ, ಅಂದರೆ 300 ಕೆಲ್ವಿನ್‌ನಿಂದ 310ಕ್ಕೆ ಏರಿದರೆ ಅಣುಗಳ ಸರಾಸರಿ ವೇಗ ಹೆಚ್ಚುವುದು ಶೇ 2ಕ್ಕಿಂತಲೂ ಕಡಿಮೆ. ಡಿಕ್ಕಿಗಳೂ ಅಷ್ಟೇ ಹೆಚ್ಚುತ್ತವೆ. ಶೇ 2ರಿಂದ ಇಮ್ಮಡಿ ಹೇಗಾದೀತು?

ಗುಟ್ಟು ಇರುವುದು ಘಟ್ಟ ಹತ್ತಬಲ್ಲವರ ಸಂಖ್ಯೆಯಲ್ಲಿ. ಸಕ್ರಿಯಣ ಶಕ್ತಿ ಮೋಲಿಗೆ 50 ಕಿಲೋಜೂಲ್ ಇರುವ ಕ್ರಿಯೆಯನ್ನು ತೆಗೆದುಕೊಳ್ಳಿ. 27 ಡಿಗ್ರಿಯಲ್ಲಿ ಸುಮಾರು 50 ಕೋಟಿ ಡಿಕ್ಕಿಗಳಿಗೆ ಒಂದರಲ್ಲಿ ಮಾತ್ರ ಅಷ್ಟು ಬಲವಿರುತ್ತದೆ. 37 ಡಿಗ್ರಿಯಲ್ಲಿ ಸುಮಾರು 27 ಕೋಟಿಗೆ ಒಂದು. ಸರಾಸರಿ ಅಣುವಿಗೆ ಹೆಚ್ಚೇನೂ ಆಗಲಿಲ್ಲ. ತೀರಾ ಚುರುಕಾದ ಬೆರಳೆಣಿಕೆಯ ಗುಂಪು ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಕ್ರಿಯೆ ನಡೆಸುವುದು ಆ ಗುಂಪೇ.

ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಕೊಟ್ಟ ವಿವರಣೆಯ ತಿರುಳು ಇದು. ಹಾಗಿದ್ದರೂ ಇಮ್ಮಡಿ ಎಂಬುದು ಕೈಲೆಕ್ಕವೇ ಹೊರತು ನಿಯಮ ಅಲ್ಲ. ಘಟ್ಟ 25 ಕಿಲೋಜೂಲ್ ಇದ್ದರೆ ಅದೇ 10 ಡಿಗ್ರಿಗೆ ವೇಗ ಸುಮಾರು 1.4 ಪಟ್ಟು, 100 ಇದ್ದರೆ ಸುಮಾರು 3.6 ಪಟ್ಟು. ಪ್ರಯೋಗಶಾಲೆಯಲ್ಲಿ ಬೆಳಗಿನ ತಂಡಕ್ಕೂ ಮಧ್ಯಾಹ್ನದ ತಂಡಕ್ಕೂ ಹೈಪೊ ಪ್ರಯೋಗದ ಅಂಕಿಗಳು ತಾಳೆಯಾಗದೆ, ಯಾರೋ ನಕಲು ಮಾಡುವಾಗ ತಪ್ಪಿದ್ದಾರೆ ಎಂದು ಒಮ್ಮೆ ಗದರಿಸಿದ್ದೆ. ತಪ್ಪು ನನ್ನದು. ಕೋಣೆಯ ತಾಪವನ್ನು ಬರೆದುಕೊಳ್ಳಲು ನಾನೇ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಬೇಳೆ ಬೇಯಲು ಮಂಗಳೂರಿಗಿಂತ ಹೊತ್ತು ಹಿಡಿಯುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಇದು ನಿಜವೇ?

ತೆರೆದ ಪಾತ್ರೆಯಾದರೆ ನಿಜ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒಲೆ ಎಷ್ಟು ದೊಡ್ಡದು ಮಾಡಿದರೂ ನೀರು ಬೇಗ ಆವಿಯಾಗುತ್ತದೆಯೇ ಹೊರತು ಅದಕ್ಕಿಂತ ಬಿಸಿಯಾಗುವುದಿಲ್ಲ. ಬೇಳೆಯ ಜೀವಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಕರಗುವ ಕ್ರಿಯೆಗೆ 100 ಕಿಲೋಜೂಲ್ ಆಸುಪಾಸಿನ ಘಟ್ಟವಿದೆ ಎಂದು ಹಿಡಿದರೆ, ಆ 3 ಡಿಗ್ರಿ ಕೊರತೆಗೆ ಮಂಗಳೂರಿಗಿಂತ ಶೇ 30ರಷ್ಟು ಹೆಚ್ಚು ಸಮಯ ಬೇಕು.

ಕುಕ್ಕರಿನಲ್ಲಿ ಈ ಜಗಳವೇ ಏಳುವುದಿಲ್ಲ. ತೂಕದ ಸೀಟಿ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಮಂಡಲದಷ್ಟು (ಸಮುದ್ರಮಟ್ಟದ ಗಾಳಿಯ ಒತ್ತಡದಷ್ಟು) ಹೆಚ್ಚಿಡುತ್ತದೆ, ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ. ಎರಡೂ ಊರುಗಳ ನಡುವೆ ಒಂದೆರಡು ಡಿಗ್ರಿ ಅಂತರ ಉಳಿಯಬಹುದು, ಅಷ್ಟೇ. ಅದೇ ಘಟ್ಟದ ಲೆಕ್ಕದಲ್ಲಿ ಬೆಂಗಳೂರಿನ ಕುಕ್ಕರು ಬೆಂಗಳೂರಿನದೇ ತಪ್ಪಲೆಗಿಂತ ಆರು ಪಟ್ಟು ಚುರುಕು.

ಬೇಳೆ ಮೆತ್ತಗಾಗುವ ಮುಂಚೆ ಹುಣಸೆಹುಳಿ ಹಾಕಬಾರದು ಎಂಬ ಮಾತಿನಲ್ಲೂ ಹುರುಳಿದೆ. ಆಮ್ಲವಿದ್ದರೆ ಪೆಕ್ಟಿನ್ ಕರಗುವುದು ನಿಧಾನ, ಚಿಟಿಕೆ ಅಡುಗೆ ಸೋಡಾ ಇದ್ದರೆ ಬೇಗ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಾಳೆದಿಂಡು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುವುದು ಏತಕ್ಕೆ?

ದಿಂಡನ್ನು ಕೊಯ್ದಾಗ ಜೀವಕೋಶಗಳು ಒಡೆದು, ಅದುವರೆಗೆ ಬೇರೆ ಬೇರೆ ಇದ್ದ ಫೀನಾಲ್‌ಗಳು ಮತ್ತು ಒಂದು ಕಿಣ್ವ ಒಟ್ಟುಗೂಡುತ್ತವೆ. ಗಾಳಿಯ ಆಕ್ಸಿಜನ್ ಸೇರಿದರೆ ಕಂದು ಬಣ್ಣ. ನೀರಿನಲ್ಲಿ ಮುಳುಗಿಸಿದರೆ ಆಕ್ಸಿಜನ್ ಕಡಿಮೆ ಸಿಗುತ್ತದೆ, ಅಂದರೆ ಒಂದು ಪ್ರತಿವರ್ತಕದ ಸಾರತೆ ಇಳಿಯಿತು. ಮಜ್ಜಿಗೆಯ ಹುಳಿ ಕಿಣ್ವದ ಚುರುಕನ್ನು ತಗ್ಗಿಸುತ್ತದೆ. ಒಂದೇ ಪಾತ್ರೆಯಲ್ಲಿ ಎರಡು ಕಡಿವಾಣ. ಬದನೆಕಾಯಿಯನ್ನು ಉಪ್ಪುನೀರಿಗೆ ಹಾಕುವುದರಲ್ಲೂ ಇದೇ ಜಾಣತನ.

ಡಿಸೆಂಬರ್ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಬಿಸಿನೀರು ಸುರಿದರೆ ಬೇಗ ಉಬ್ಬುತ್ತದೆಯೇ?

ಬೆಚ್ಚಗಿನ ನೀರು ಸರಿ, ಕುದಿಯುವ ನೀರು ಬೇಡ. ಹಿಟ್ಟು ಉಬ್ಬಿಸುವುದು ಬ್ಯಾಕ್ಟೀರಿಯಾಗಳು, ಅವುಗಳ ಕೆಲಸವೆಲ್ಲ ಕಿಣ್ವಗಳದ್ದು. 20 ಡಿಗ್ರಿಗಿಂತ 30 ಡಿಗ್ರಿಯಲ್ಲಿ ಅವು ಬಹಳ ಚುರುಕು. ತಾಪ ಇನ್ನೂ ಏರಿ ಒಂದು ಹದ ಮೀರಿದರೆ ಕಿಣ್ವದ ಪ್ರೋಟೀನು ತನ್ನ ಮಡಿಕೆ ಬಿಚ್ಚಿಕೊಂಡು ನಿಷ್ಪ್ರಯೋಜಕವಾಗುತ್ತದೆ. ಹೆಪ್ಪು ಹಾಕುವ ಮುಂಚೆ ಹಾಲು ಉಗುರುಬೆಚ್ಚಗಾಗಲಿ ಎಂದು ಕಾಯುವುದೂ ಇದಕ್ಕೇ. ಫ್ರಿಜ್ಜು ಹಿಟ್ಟಿನ ಹುಳಿಯೇರುವಿಕೆಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ನಾಲ್ಕನೆಯ ದಿನದ ದೋಸೆ ತಿಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಪುಡಿ ಮಾಡಿದರೆ ಕ್ರಿಯೆ ಬೇಗ ಆಗುತ್ತದೆ ಎನ್ನುತ್ತಾರೆ. ಎಷ್ಟು ಬೇಗ?

ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್ ಬದಿಯ ತುಂಡುಗಳಾಗಿ ಕತ್ತರಿಸಿದರೆ ಸಾವಿರ ತುಂಡು, ಒಟ್ಟು ಮೇಲ್ಮೈ 60. ಗಾಳಿ ತಾಕುವುದು ಮೇಲ್ಮೈಗೆ ಮಾತ್ರ, ಒಳಗಿನ ಪರಮಾಣುಗಳು ಸರದಿ ಕಾಯಬೇಕು. ದಿಮ್ಮಿಗೆ ಬೆಂಕಿ ಹತ್ತದೆ ಚಕ್ಕೆಗೆ ಹತ್ತುವುದು ಇದರಿಂದ.

ಇದರ ಭೀಕರ ರೂಪ ಹಿಟ್ಟಿನ ದೂಳು. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಗಿರಣಿಯಲ್ಲಿ ಗಾಳಿಯಲ್ಲಿ ತೇಲುತ್ತಿದ್ದ ಗೋಧಿ ಹಿಟ್ಟಿನ ದೂಳು ಸಿಡಿದು 18 ಕಾರ್ಮಿಕರು ಸತ್ತರು. ಚೀಲದಲ್ಲಿದ್ದಾಗ ಸರಿಯಾಗಿ ಉರಿಯಲೂ ಒಲ್ಲದ ಅದೇ ಹಿಟ್ಟು.

ನುಣ್ಣನೆಯ ಕಾಫಿ ಪುಡಿಯಿಂದ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುವುದನ್ನು ಇದಕ್ಕೆ ಉದಾಹರಣೆಯಾಗಿ ಬರೆಯುವವರಿದ್ದಾರೆ. ಅಲ್ಲಿ ನಡೆಯುವುದು ಮುಖ್ಯವಾಗಿ ಕರಗುವಿಕೆ, ಹೊಸ ಪದಾರ್ಥ ಹುಟ್ಟುವುದಲ್ಲ. ಮೇಲ್ಮೈಯ ತರ್ಕ ಮಾತ್ರ ಅದೇ.

## ಕಾಲೇಜಿನವರಿಗೆ

ಸಮೀಕರಣದಲ್ಲಿ ಒಂದು ಅಣುವಿನ ಮುಂದೆ 2 ಇದ್ದರೆ ಕ್ರಿಯೆಯ ದರ್ಜೆಯೂ 2 ತಾನೆ?

ಅಲ್ಲ. ಅಂಕ ಕಳೆದುಕೊಳ್ಳುವ ಜಾಗ ಇದೇ. ಸಾರತೆ ಇಮ್ಮಡಿಯಾದಾಗ ವೇಗವೂ ಇಮ್ಮಡಿಯಾದರೆ ದರ್ಜೆ 1, ನಾಲ್ಮಡಿಯಾದರೆ 2. ಸಮತೋಲನಗೊಂಡ ಸಮೀಕರಣ ಜಮಾ-ಖರ್ಚಿನ ಪುಸ್ತಕವಿದ್ದಂತೆ. ಕೊನೆಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದಷ್ಟೇ ಹೇಳುತ್ತದೆ. ದರ್ಜೆ ತಿಳಿಯಲು ಪ್ರಯೋಗವನ್ನೇ ಮಾಡಬೇಕು.

ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕೂಡಿ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುವ ಕ್ರಿಯೆ ನೋಡಿ. ಸಮೀಕರಣದಲ್ಲಿ ಎರಡರದ್ದೂ ಒಂದೊಂದೇ ಅಣು. ಆದರೆ 225 ಡಿಗ್ರಿಗಿಂತ ಕೆಳಗೆ ಅಳೆದರೆ ಕಾರ್ಬನ್ ಮಾನಾಕ್ಸೈಡನ್ನು ಹೆಚ್ಚಿಸಿದರೂ ವೇಗ ಕದಲುವುದಿಲ್ಲ, ನೈಟ್ರೋಜನ್ ಡೈಆಕ್ಸೈಡನ್ನು ಇಮ್ಮಡಿ ಮಾಡಿದರೆ ವೇಗ ನಾಲ್ಮಡಿ. ಕಾರಣ, ಮೊದಲ ಹಂತದಲ್ಲಿ ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳು ಪರಸ್ಪರ ಡಿಕ್ಕಿ ಹೊಡೆಯುತ್ತವೆ, ಆ ಹಂತ ನಿಧಾನ. ಕಾರ್ಬನ್ ಮಾನಾಕ್ಸೈಡ್ ಬರುವುದು ಆಮೇಲಿನ ವೇಗದ ಹಂತಕ್ಕೆ. ಮದುವೆ ಮನೆಯಲ್ಲಿ ಎಲೆ ಹಾಕುವವನು ಒಬ್ಬನೇ ಇದ್ದರೆ ಬಡಿಸುವವರು ಹತ್ತು ಮಂದಿ ಬಂದರೂ ಪಂಕ್ತಿ ಬೇಗ ಏಳುವುದಿಲ್ಲ.

ಪ್ರಥಮ ದರ್ಜೆಯ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಮೊದಲಿದ್ದ ಪ್ರಮಾಣವನ್ನು ಅವಲಂಬಿಸುವುದಿಲ್ಲ ಏಕೆ? ಹಾಗಾದರೆ ಬಿಸಿ ಮಾಡಿ ಇಂಗಾಲ-14ನ್ನು (ತಾನಾಗಿ ಕ್ಷಯಿಸುವ ವಿಕಿರಣಶೀಲ ಇಂಗಾಲವನ್ನು) ಬೇಗ ಕರಗಿಸಬಹುದೇ?

ಪ್ರಥಮ ದರ್ಜೆಯಲ್ಲಿ ಪ್ರತಿ ಅಣುವೂ ತನ್ನ ಪಾಡಿಗೆ ತಾನು ಒಡೆಯುತ್ತದೆ, ಪಕ್ಕದವರು ಎಷ್ಟಿದ್ದರೂ ಅದಕ್ಕೆ ಸಂಬಂಧವಿಲ್ಲ. ಸಾವಿರ ಐನೂರಾಗಲು ಹಿಡಿದಷ್ಟೇ ಹೊತ್ತು ಐನೂರು ಇನ್ನೂರೈವತ್ತಾಗಲು. ಇಂಗಾಲ-14ರ ಅರ್ಧಾಯುಷ್ಯ 5,730 ವರ್ಷ. ಅದರ ಗಣಿತ ಇದೇ ಆದರೂ ಕ್ರಿಯೆ ರಾಸಾಯನಿಕವಲ್ಲ, ಪರಮಾಣು ಬೀಜದೊಳಗಿನದು. ಒಲೆಯ ಬಿಸಿ ಅಲ್ಲಿಗೆ ತಟ್ಟುವುದಿಲ್ಲ, ಹಾಗಾಗಿಯೇ ಅದನ್ನು ನಂಬಿ ಕಾಲನಿರ್ಣಯ ಮಾಡಬಹುದು.

ಮಾತ್ರೆಯ ಮೇಲೆ ಎರಡು ವರ್ಷದ ಅವಧಿ ಹಾಕಿರುತ್ತಾರೆ. ಎರಡು ವರ್ಷ ಕಾದು ನೋಡಿಯೇ ಹಾಕುತ್ತಾರೆಯೇ?

ಕಾಯುತ್ತಾರೆ, ಜೊತೆಗೆ ಒಂದು ಅಡ್ಡದಾರಿಯನ್ನೂ ಹಿಡಿಯುತ್ತಾರೆ. 40 ಡಿಗ್ರಿ ತಾಪ, ಶೇ 75ರಷ್ಟು ತೇವವಿರುವ ಪೆಟ್ಟಿಗೆಯಲ್ಲಿ ಔಷಧವನ್ನು ಆರು ತಿಂಗಳಿಟ್ಟು ಎಷ್ಟು ಕೆಟ್ಟಿತು ಎಂದು ಅಳೆಯುತ್ತಾರೆ. ತಾಪಕ್ಕೂ ವೇಗಕ್ಕೂ ಇರುವ ನಂಟಿನಿಂದ ಸಾಮಾನ್ಯ ತಾಪದಲ್ಲಿ ಏನಾದೀತು ಎಂದು ಅಂದಾಜಿಸುತ್ತಾರೆ. ಹೆಚ್ಚು ಬಿಸಿಯಲ್ಲಿ ಕೆಡುವ ದಾರಿಯೇ ಬೇರೆಯಾದರೆ ಈ ಅಂದಾಜು ಕೈಕೊಡುತ್ತದೆ, ಆದ್ದರಿಂದ ಮಾಮೂಲಿ ತಾಪದ ದೀರ್ಘ ಪರೀಕ್ಷೆಯೂ ಜೊತೆಗೇ ಸಾಗುತ್ತದೆ. ಮಾತ್ರೆಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವವರು ಆ ದಿನಾಂಕವನ್ನು ನಂಬಬಾರದು.

ವೇಗವರ್ಧಕ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೆವು. ಸರಿಯೇ?

ಪೂರ್ತಿ ತಪ್ಪು. ಅದು ಕ್ರಿಯೆಗೆ ಇಳಿಯುತ್ತದೆ, ಕೊನೆಗೆ ಇದ್ದ ಹಾಗೆ ಹೊರಬರುತ್ತದೆ. ಘಟ್ಟವನ್ನು ಕಡಿದು ತಗ್ಗಿಸುವುದಿಲ್ಲ. ಬೇರೊಂದು ತಗ್ಗಿನ ದಾರಿ ತೆರೆಯುತ್ತದೆ. ವಾಯುಮಂಡಲದ ಕ್ಲೋರಿನ್ ಪರಮಾಣು ಓಜೋನಿನಿಂದ ಒಂದು ಆಕ್ಸಿಜನ್ ಕಿತ್ತುಕೊಂಡು ಕ್ಲೋರಿನ್ ಮಾನಾಕ್ಸೈಡ್ ಆಗುತ್ತದೆ, ಅದು ಬಿಡಿ ಆಕ್ಸಿಜನ್ ಪರಮಾಣುವಿಗೆ ಡಿಕ್ಕಿ ಹೊಡೆದು ಮತ್ತೆ ಬರೀ ಕ್ಲೋರಿನ್ ಆಗಿ ಇನ್ನೊಂದು ಓಜೋನಿನ ಬೇಟೆಗೆ ಹೊರಡುತ್ತದೆ. ಹೀಗೆ ಒಂದೇ ಪರಮಾಣು ಲಕ್ಷದಷ್ಟು ಓಜೋನ್ ಅಣುಗಳನ್ನು ಮುಗಿಸಬಲ್ಲದು. ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲಿ ಎಚ್ಚರಿಸಿದ್ದು ಇದನ್ನೇ.

ವೇಗವರ್ಧಕ ಎಂದೂ ಸವೆಯುವುದಿಲ್ಲ ಎಂಬುದೂ ಪುಸ್ತಕದ ಮಾತು. ಕಾರಿನ ಹೊಗೆ ಕೊಳವೆಯ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ಮೇಲ್ಮೈಗೆ ಸೀಸ ಮೆತ್ತಿಕೊಂಡರೆ ಅವು ಸತ್ತಂತೆಯೇ. ಸೀಸ ಬೆರೆತ ಪೆಟ್ರೋಲನ್ನು ಭಾರತ 2000ದ ಹೊತ್ತಿಗೆ ಕೈಬಿಡಲು ಇದೂ ಒಂದು ಕಾರಣ.

ವೇಗವರ್ಧಕ ಹಾಕಿದರೆ ಹೆಚ್ಚು ಉತ್ಪನ್ನ ಸಿಗುತ್ತದೆಯೇ?

ಮುಂದಿನ ಕ್ರಿಯೆಯೂ ಹಿಂದಿನ ಕ್ರಿಯೆಯೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿಯೇ ಸಮತೋಲನ. ಅಲ್ಲಿನ ಪ್ರಮಾಣ ಬದಲಾಗುವುದಿಲ್ಲ. ಹೋಗುವ ದಾರಿ ಸುಲಭವಾದರೆ ಮರಳುವ ದಾರಿಯೂ ಅಷ್ಟೇ ಸುಲಭ. ಗೊಬ್ಬರಕ್ಕೆ ಬೇಕಾದ ಅಮೋನಿಯದ ತಯಾರಿಯಲ್ಲಿ ಈ ಪೇಚು ಚೆನ್ನಾಗಿ ಕಾಣುತ್ತದೆ. ತಾಪ ಕಡಿಮೆಯಿದ್ದರೆ ಸಮತೋಲನದಲ್ಲಿ ಅಮೋನಿಯ ಹೆಚ್ಚು, ಆದರೆ ಕ್ರಿಯೆ ತೆವಳುತ್ತದೆ. ತಾಪ ಏರಿಸಿದರೆ ಓಡುತ್ತದೆ, ಇಳುವರಿ ಕುಸಿಯುತ್ತದೆ. ಫ್ರಿಟ್ಜ್ ಹೇಬರ್ ಮತ್ತು ಕಾರ್ಲ್ ಬಾಷ್ ಅವರ ವಿಧಾನ ರಾಜಿ ಮಾಡಿಕೊಂಡಿತು: ಕಬ್ಬಿಣದ ವೇಗವರ್ಧಕ, 400ರಿಂದ 500 ಡಿಗ್ರಿ, ಇನ್ನೂರು ವಾಯುಮಂಡಲದ ಆಸುಪಾಸಿನ ಒತ್ತಡ. 1913ರಲ್ಲಿ ಜರ್ಮನಿಯ ಓಪ್ಪೌ ಎಂಬಲ್ಲಿ ಕಾರ್ಖಾನೆ ಶುರುವಾಯಿತು.

ನಿಧಾನ ಮಾಡುವ ಪದಾರ್ಥಗಳೂ ಇವೆಯೇ?

ಸಿಮೆಂಟಿನ ಚೀಲದಲ್ಲೇ ಇದೆ. ಅರೆಯುವಾಗ ಜಿಪ್ಸಂ ಸೇರಿಸದಿದ್ದರೆ ಸಿಮೆಂಟು ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಬಿಗಿದು ಮೇಸ್ತ್ರಿಯ ಕರಣೆಗೇ ಅಂಟಿಕೊಳ್ಳುತ್ತಿತ್ತು. ಕಾಂಕ್ರೀಟಿಗೆ ತುಸು ಸಕ್ಕರೆ ಬಿದ್ದರೂ ಗಟ್ಟಿಯಾಗುವುದು ಗಂಟೆಗಟ್ಟಲೆ ಮುಂದೆ ಹೋಗುತ್ತದೆ.

## ಇನ್ನೂ ಆಳಕ್ಕೆ

ಬಿಸಿ ಮಾಡಿದರೆ ನಿಧಾನವಾಗುವ ಕ್ರಿಯೆ ಇದೆಯೇ?

ಇದೆ. ನೈಟ್ರಿಕ್ ಆಕ್ಸೈಡ್ ಆಕ್ಸಿಜನ್ನಿನೊಡನೆ ಕೂಡಿ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುವ ಕ್ರಿಯೆ. ಮೊದಲು ಎರಡು ನೈಟ್ರಿಕ್ ಆಕ್ಸೈಡ್ ಅಣುಗಳು ಸಡಿಲವಾಗಿ ಜೋಡಿಯಾಗುತ್ತವೆ, ಆ ಜೋಡಿಗೆ ಆಕ್ಸಿಜನ್ ಸಿಕ್ಕಬೇಕು ಎಂಬುದು ಒಂದು ವಿವರಣೆ. ಬಿಸಿಯಾದಷ್ಟೂ ಜೋಡಿ ಬೇಗ ಬಿಟ್ಟುಹೋಗುತ್ತದೆ. ನೈಟ್ರಿಕ್ ಆಮ್ಲದ ಕಾರ್ಖಾನೆಗಳಲ್ಲಿ ಈ ಹಂತಕ್ಕೆ ಮುಂಚೆ ಅನಿಲವನ್ನು ತಣಿಸುತ್ತಾರೆ.

ಕಾರ್ಖಾನೆಯಲ್ಲಿ ಕ್ರಿಯೆ ಕೈಮೀರಿತು ಎಂದು ಸುದ್ದಿಯಲ್ಲಿ ಬರುತ್ತದೆ. ಹಾಗೆಂದರೇನು?

ಶಾಖ ಬಿಡುವ ಕ್ರಿಯೆ ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. ಬಿಸಿಯಾದಂತೆ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಇನ್ನಷ್ಟು ಶಾಖ. ಪಾತ್ರೆಯ ಗೋಡೆಯಿಂದ ಹೊರಹೋಗುವ ಶಾಖ ತಾಪದ ಅಂತರಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ಒಳಗೆ ಹುಟ್ಟುವ ಶಾಖವೋ ಘಾತೀಯವಾಗಿ. ಒಂದು ಹಂತದವರೆಗೆ ಗೋಡೆ ಗೆಲ್ಲುತ್ತದೆ. ಅದು ದಾಟಿದರೆ ಹಿಡಿಯುವವರಿಲ್ಲ. ರಷ್ಯದ ನಿಕೊಲಾಯ್ ಸೆಮೆನೊವ್ 1920ರ ದಶಕದಲ್ಲಿ ಈ ಲೆಕ್ಕವನ್ನು ಕಟ್ಟಿಕೊಟ್ಟರು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯ 610 ಸಂಖ್ಯೆಯ ತೊಟ್ಟಿಯಲ್ಲಿ ಆದದ್ದು ಇದು. ಅದರಲ್ಲಿ 40 ಟನ್ನಿನಷ್ಟು ಮೀಥೈಲ್ ಐಸೊಸಯನೇಟ್ ಇತ್ತು. ಕೇವಲ 39 ಡಿಗ್ರಿಗೆ ಕುದಿಯುವ ದ್ರವ ಅದು. ಒಳಗೆ ನೀರು ಸೇರಿತು. ದ್ರವವನ್ನು ತಣ್ಣಗಿಡಬೇಕಿದ್ದ ಶೀತಲ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ತಣ್ಣಗಿದ್ದಿದ್ದರೆ ಆ ಕ್ರಿಯೆ ಮೊದಲ ಗಂಟೆಗಳಲ್ಲಿ ಬಹಳ ನಿಧಾನವಾಗಿರುತ್ತಿತ್ತು, ಏನಾದರೂ ಮಾಡಲು ಸಮಯ ಸಿಗುತ್ತಿತ್ತು. ಸಾಲದ್ದಕ್ಕೆ ತೊಟ್ಟಿಯ ಉಕ್ಕು ಸವೆದು ಬಂದ ಕಬ್ಬಿಣ ಮತ್ತೊಂದು ಶಾಖ ಬಿಡುವ ಕ್ರಿಯೆಗೆ ವೇಗವರ್ಧಕವಾಯಿತು. ತಾಪ 200 ಡಿಗ್ರಿ ದಾಟಿತು. ತರಗತಿಯಲ್ಲಿ ತಾಪಕ್ಕೂ ವೇಗಕ್ಕೂ ಇರುವ ನಂಟನ್ನು ಹೇಳುವ ಅರೇನಿಯಸ್ ಸಮೀಕರಣ ಬರೆದ ದಿನ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಕ್ರಿಯೆಯನ್ನು ಅಳೆಯುವುದು ಹೇಗೆ?

ಎರಡು ದ್ರಾವಣಗಳನ್ನು ಕೈಯಿಂದ ಬೆರೆಸಲು ಒಂದೆರಡು ಸೆಕೆಂಡು ಬೇಕು, ಅದಕ್ಕಿಂತ ವೇಗದ್ದು ಗಡಿಯಾರಕ್ಕೆ ಸಿಗುವುದಿಲ್ಲ. 1923ರಲ್ಲಿ ಕೇಂಬ್ರಿಡ್ಜಿನ ಹಾರ್ಟ್ರಿಜ್ ಮತ್ತು ರಫ್ಟನ್ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿನೊಡನೆ ಕೂಡುವುದನ್ನು ಅಳೆಯಲು ಹರಿವಿನ ಉಪಾಯ ಮಾಡಿದರು. ಎರಡೂ ದ್ರಾವಣಗಳನ್ನು ರಭಸದಿಂದ ಕೊಳವೆಗೆ ನುಗ್ಗಿಸಿ ಬೆರೆಸಿದರೆ, ಬೆರೆತ ಜಾಗದಿಂದ ಎಷ್ಟು ದೂರ ಎಂಬುದೇ ಎಷ್ಟು ಸಮಯ ಎಂದಾಗುತ್ತದೆ. ಮಿಲಿಸೆಕೆಂಡುಗಳು ಹೀಗೆ ಕೈಗೆ ಸಿಕ್ಕವು.

ಜರ್ಮನಿಯ ಮಾನ್‌ಫ್ರೆಡ್ ಐಗನ್ ಬೆರೆಸುವುದನ್ನೇ ಕೈಬಿಟ್ಟರು. ಈಗಾಗಲೇ ಸಮತೋಲನದಲ್ಲಿರುವ ದ್ರಾವಣವನ್ನು ಹಠಾತ್ತನೆ ಕೆಲವು ಡಿಗ್ರಿ ಬಿಸಿ ಮಾಡಿ, ಅದು ಹೊಸ ಸಮತೋಲನಕ್ಕೆ ಜಾರುವುದನ್ನು ನೋಡುವುದು ಅವರ ಉಪಾಯಗಳಲ್ಲಿ ಒಂದು. ಆಮ್ಲದ ಪ್ರೋಟಾನು ಕ್ಷಾರದ ಹೈಡ್ರಾಕ್ಸೈಡನ್ನು ಸೇರಿ ನೀರಾಗುವ ಕ್ರಿಯೆ ಅಳೆಯಲಾಗದಷ್ಟು ವೇಗ ಎಂದು ಅದುವರೆಗೆ ಬರೆಯುತ್ತಿದ್ದರು. ಐಗನ್ ಅದನ್ನೂ ಅಳೆದರು. ಬೆಳಕಿನ ಮಿಂಚು ಬಳಸಿದ ನಾರಿಶ್ ಮತ್ತು ಪೋರ್ಟರ್ ಅವರೊಡನೆ 1967ರ ನೊಬೆಲ್ ಹಂಚಿಕೊಂಡರು. ಓಕುಳಿ ತಟ್ಟೆಯ ಅರಿಶಿನ ಮತ್ತು ಸುಣ್ಣದ ನಡುವೆ ನಡೆಯುವುದೂ ಅಂಥದೇ ಪ್ರೋಟಾನಿನ ಜಿಗಿತ. ಅಲ್ಲಿ ನಮಗೆ ಕಾಣುವ ಅರೆಗಳಿಗೆಯ ತಡವೆಲ್ಲ ಬೆರಳಿನಿಂದ ಕದಡುವುದರದ್ದು.

ಕೊನೆಗೆ ಈಜಿಪ್ಟ್ ಮೂಲದ ಅಹ್ಮದ್ ಜೆವೈಲ್ ಘಟ್ಟದ ನೆತ್ತಿಯ ಮೇಲಿನ ಅಣುವನ್ನೇ ನೋಡಲು ಹೊರಟರು. ಒಂದು ಲೇಸರ್ ಮಿಂಚು ಅಣುವನ್ನು ಒಡೆಯಲು ಹಚ್ಚುತ್ತದೆ, ಅತ್ಯಲ್ಪ ಅಂತರದಲ್ಲಿ ಬರುವ ಇನ್ನೊಂದು ಮಿಂಚು ಅದು ಎಲ್ಲಿಗೆ ಬಂದಿದೆ ಎಂದು ಪರೀಕ್ಷಿಸುತ್ತದೆ. 1980ರ ದಶಕದ ಕೊನೆಯಲ್ಲಿ ಅವರ ತಂಡ ಅಯೋಡಿನ್ ಸಯನೈಡಿನ ಒಂದು ಬಂಧ ಕಳಚುವುದನ್ನು ಹೀಗೆ ಹಿಂಬಾಲಿಸಿತು. ಹಿಡಿದ ಸಮಯ ಸುಮಾರು 200 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೆ ಸಿಗುವ ತುಣುಕು 10 ಫೆಮ್ಟೊಸೆಕೆಂಡ್. ಅಂಥ ಇಪ್ಪತ್ತು ತುಣುಕುಗಳಷ್ಟು ಹೊತ್ತು.